ಎರಡು ಪರವಾನಗಿಗಳ ನಡುವಣ ಕಾಡುಹಂದಿ

ಆಶ್ವಯುಜ ಮಾಸದ ಒಂದು ಬೆಳಗ್ಗೆ, ಹುಲ್ಲಿನ ಮೇಲಣ ಇಬ್ಬನಿ ಇನ್ನೂ ಆರಿರದ ಹೊತ್ತಿನಲ್ಲಿ, ನನ್ನ ಸೋದರಮಾವನವರೊಡನೆ ಕೋಲಾರ ಸೀಮೆಯ ಅವರ ಕಡಲೆಕಾಯಿ ಹೊಲದ ಬದುವಿನ ಮೇಲೆ ನಿಂತಿದ್ದೆನು. ಹಿಂದಿನ ಸಂಜೆ ಹಸುರು ಕಂಬಳಿಯನ್ನು ಹಾಸಿದಂತೆ ಕಾಣುತ್ತಿದ್ದ ಒಂದೂವರೆ ಎಕರೆಯ ಆ ನೆಲದಲ್ಲಿ ಕಾಲುಭಾಗವು ರಾತ್ರಿ ಕಳೆಯುವುದರೊಳಗೆ ಯಾರೋ ಅಡ್ಡಾದಿಡ್ಡಿಯಾಗಿ ಉತ್ತು ಬಿಟ್ಟಂತೆ ಬುಡಮೇಲಾಗಿದ್ದಿತು. ಬಳ್ಳಿಗಳು ಬೇರು ಮೇಲಾಗಿ ಬಿದ್ದಿದ್ದವು. ಹಾಲು ಗಟ್ಟಿಯಾಗುತ್ತಿದ್ದ ಎಳಗಾಯಿಗಳ ಸಿಪ್ಪೆಯು ಕೆಂಪುಮಣ್ಣಿನ ಮೇಲೆಲ್ಲ ಬೆಳ್ಳಗೆ ಚೆಲ್ಲಿದ್ದಿತು. ಹನಿ ನೀರಿನ ಕರಿಯ ಪೈಪನ್ನು ಎರಡು ಕಡೆ ಕಚ್ಚಿ ಸೀಳಿ, ಅಲ್ಲಿ ನಿಂತ ನೀರಿನಲ್ಲಿ ಯಾವುದೋ ದೊಡ್ಡ ಮೈ ಹೊರಳಾಡಿ ಎದ್ದುಹೋದ ಗುಳಿಯು ಇನ್ನೂ ಜಿನುಗುತ್ತಿದ್ದಿತು. ಬೇಲಿಯೆಂದು ಸುತ್ತ ಕಟ್ಟಿದ್ದ ಹಳೆಯ ಸೀರೆಗಳಲ್ಲೊಂದರ ಸೆರಗು ಕೆಸರಿನಲ್ಲಿ ತುಳಿಯಲ್ಪಟ್ಟಿದ್ದಿತು. ಕ್ಷೌರದಂಗಡಿಯಿಂದ ಮೂಟೆ ಕಟ್ಟಿಸಿ ತಂದು ಬದುವಿನುದ್ದಕ್ಕೂ ಉದುರಿಸಿದ್ದ ಕೂದಲಿನ ಮೇಲೆಯೇ, ಜೋಡಿಗೊರಸಿನ ಹಿಂದೆ ಮರಿಗೊರಸಿನ ಎರಡೆರಡು ಚುಕ್ಕೆಗಳನ್ನೂರಿ, ದೊಡ್ಡವೂ ಸಣ್ಣವೂ ಆದ ಹೆಜ್ಜೆಗಳ ಸಾಲು ಗುಡ್ಡದ ಕಡೆಗೆ ಹರಿದಿದ್ದಿತು. ಮಾವನವರು ಕೋಪಗೊಳ್ಳಲಿಲ್ಲ. ಒಂದು ಬಳ್ಳಿಯನ್ನೆತ್ತಿ, ಒದರಿ, ಅದರಲ್ಲೇನೂ ಉಳಿದಿಲ್ಲವೆಂಬುದನ್ನು ಕಂಡು, "ನೋಡಪ್ಪಾ, ಕಳ್ಳೆಕಾಯಿ ಕೀಳೋ ಕೂಲಿ ಉಳಿಸಿಕೊಟ್ಟವೆ" ಎಂದರು.

ಅವರ ಮನೆಯ ಅಟ್ಟದ ಮೇಲೆ ಒಂದು ತುಪಾಕಿಯುಂಟು. ಒಂಟಿ ನಳಿಗೆಯದು, ಬಾಯಿಯಿಂದ ಮದ್ದು ತುಂಬಿ, ತೆಂಗಿನ ನಾರಿಟ್ಟು, ಗಜದಿಂದ ಗಿಡಿದು, ಚರೆ ಹಾಕಿ, ಹಿಂದೆ ಕೇಪನ್ನಿಟ್ಟು ಹಾರಿಸತಕ್ಕ ಹಳೆಯ ಮಾದರಿಯದು. ಅದಕ್ಕೆ ಪರವಾನಗಿಯೂ ಉಂಟು, ಕಾಲಕಾಲಕ್ಕೆ ನವೀಕರಣವಾಗಿದೆ, ಆ ಪರವಾನಗಿಯಲ್ಲಿ ಕೋವಿಯನ್ನು ಇಟ್ಟುಕೊಂಡಿರುವುದರ ಉದ್ದೇಶವು 'ಬೆಳೆ ರಕ್ಷಣೆ' ಎಂದು ಸ್ಪಷ್ಟವಾಗಿ ಬರೆದಿದೆ. ಬೆಳೆಯ ರಕ್ಷಣೆಗೆಂದು ಸರಕಾರವೇ ಅನುಮತಿಸಿದ ಆಯುಧವು ಅಟ್ಟದ ಮೇಲಿರಲು, ಬೆಳೆಯ ಶತ್ರುವು ಹೊಲದಲ್ಲಿ ಸಂಸಾರಸಮೇತವಾಗಿ ಉಂಡು, ಮಿಂದು, ಹೊರಟುಹೋದುದು ಹೇಗೆಂಬ ಪ್ರಶ್ನೆ ಪಟ್ಟಣದ ಓದುಗರಿಗೆ ಹುಟ್ಟಬಹುದು. ಆ ಪ್ರಶ್ನೆಗೆ ಉತ್ತರವು ಎರಡು ಶಾಸನಗಳ ನಡುವೆ ಇದೆ.

ಮೊದಲನೆಯದು 1959ರ ಆಯುಧ ಅಧಿನಿಯಮ. ಅದರ 13ನೆಯ ಪ್ರಕರಣವು, ಯಥಾರ್ಥವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಬಯಸುವ ಭಾರತೀಯ ಪ್ರಜೆಗೆ ಪರವಾನಗಿಯನ್ನು ಕೊಡತಕ್ಕುದೆಂದು ಹೇಳುತ್ತದೆ. ಅಂತಹ ಕೋವಿ ಸಾಲದೆಂದು ಅಧಿಕಾರಿಗೆ ಮನದಟ್ಟಾದಲ್ಲಿ ಬೇರೆ ಬಗೆಯ ನುಣುಪು ನಳಿಗೆಯ ಕೋವಿಯನ್ನೂ ಅನುಮತಿಸಬಹುದೆನ್ನುತ್ತದೆ. ಅನ್ನಕ್ಕಾಗಿ ದೇಶವು ಪರದೇಶದ ಹಡಗುಗಳ ದಾರಿಯನ್ನು ನೋಡುತ್ತಿದ್ದ ಆ ದಿನಗಳಲ್ಲಿ, ಒಂದು ಸೇರು ರಾಗಿಯೂ ಮೃಗಗಳ ಪಾಲಾಗಬಾರದೆಂಬ ಚಿಂತೆ ಶಾಸನಕರ್ತರಿಗಿದ್ದುದು ಸಹಜವೇ. ಎರಡನೆಯದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ. ಅದರ 9ನೆಯ ಪ್ರಕರಣವು ಅನುಸೂಚಿಯಲ್ಲಿ ಹೆಸರಿಸಿದ ಯಾವ ಪ್ರಾಣಿಯನ್ನೂ ಬೇಟೆಯಾಡಕೂಡದೆಂದು ನಿಷೇಧಿಸುತ್ತದೆ. ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ, ಉರುಳು ಹಾಕುವುದು, ಬಲೆಯೊಡ್ಡುವುದು, ಅಟ್ಟುವುದು, ಮೇವಿನ ಆಸೆ ತೋರಿಸಿ ಕರೆಯುವುದು, ಇವೆಲ್ಲವೂ ಬೇಟೆಯೇ ಎಂದು ಅದರ ಪರಿಭಾಷೆಯು ಸಾರುತ್ತದೆ. ಕಾಡುಹಂದಿಯು ಆ ಅನುಸೂಚಿಯಲ್ಲಿದೆ. ಆದುದರಿಂದ ಜಿಲ್ಲಾಧಿಕಾರಿಗಳ ಕಚೇರಿಯು ಕೊಟ್ಟ ಪರವಾನಗಿಯು ಕೋವಿಯನ್ನು ಮನೆಯಲ್ಲಿಡುವುದಕ್ಕಾಯಿತೇ ಹೊರತು ಅದರ ಗುಂಡನ್ನು ಹಂದಿಯ ಮೈಗೆ ತಾಗಿಸುವುದಕ್ಕಾಗಲಿಲ್ಲ. ತಾಗಿಸಿದವನಿಗೆ ಮೂರು ವರ್ಷಗಳವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಇವೆರಡು ಶಾಸನಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದವನಿಗೆ, ಆ ತುಪಾಕಿಯಿಂದ ನಿರಪಾಯವಾಗಿ ಮಾಡಬಹುದಾದುದು ಶಬ್ದವೊಂದೇ ಎಂಬುದು ತಿಳಿಯುತ್ತದೆ. ಶಬ್ದಕ್ಕಾದರೆ ದೀಪಾವಳಿಯ ಪಟಾಕಿ ಸಾಕಾಗಿದ್ದಿತು.

ಹಾಗೆಂದು ಎರಡನೆಯ ಶಾಸನವು ಬಾಗಿಲನ್ನು ಪೂರ್ತಿಯಾಗಿ ಮುಚ್ಚಿದೆಯೆನ್ನುವುದು ಅನ್ಯಾಯವಾದೀತು. ಅದರ 11ನೆಯ ಪ್ರಕರಣವು ಒಂದು ಕಿಂಡಿಯನ್ನಿಟ್ಟಿದೆ: ಎರಡನೆಯ ಅನುಸೂಚಿಯ ಪ್ರಾಣಿಯೊಂದು ಮನುಷ್ಯನ ಪ್ರಾಣಕ್ಕಾಗಲಿ ಆಸ್ತಿಗಾಗಲಿ ಅಪಾಯಕಾರಿಯಾಗಿದೆಯೆಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅಧಿಕೃತ ಅಧಿಕಾರಿಗೆ ಮನವರಿಕೆಯಾದರೆ, ಅವರು ಕಾರಣಗಳನ್ನು ನಮೂದಿಸಿದ ಲಿಖಿತ ಆಜ್ಞೆಯ ಮೂಲಕ, ಗೊತ್ತುಪಡಿಸಿದ ಪ್ರದೇಶದಲ್ಲಿ, ಆ ಪ್ರಾಣಿಯನ್ನು ಅಥವಾ ಅದರ ಗುಂಪನ್ನು ಬೇಟೆಯಾಡಲು ಯಾರಿಗಾದರೂ ಅನುಮತಿ ಕೊಡಬಹುದು. 'ಆಸ್ತಿ' ಎಂಬ ಮಾತಿಗೆ ಶಾಸನವೇ ಕಂಸದೊಳಗೆ 'ಯಾವುದೇ ಭೂಮಿಯ ಮೇಲಣ ನಿಂತ ಬೆಳೆಯೂ ಸೇರಿ' ಎಂಬ ಅರ್ಥವನ್ನು ಸೇರಿಸಿದೆ. ಆ ಕಂಸವನ್ನು ಬರೆದಾತನು ಯಾರೋ ನಾನರಿಯೆ. ಆದರೆ ಎಂದಾದರೂ ಒಂದು ದಿನ ಬದುವಿನ ಮೇಲೆ ನಿಂತು ಬುಡಮೇಲಾದ ಬಳ್ಳಿಯನ್ನು ನೋಡಿದವನೇ ಇರಬೇಕು. ಇನ್ನೊಂದು ಉಪಪ್ರಕರಣದಂತೆ, ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಮೃಗವನ್ನು ಕೊಂದವನು ಅಪರಾಧಿಯಲ್ಲ. ಆದರೆ ಬೆಳೆಗೆ ಪ್ರಾಣವಿದ್ದರೂ ಶಾಸನದ ದೃಷ್ಟಿಯಲ್ಲಿ ಅದು ಪ್ರಾಣಿಯಲ್ಲವಾದುದರಿಂದ, ಹೊಲದ ವಿಷಯದಲ್ಲಿ ಆ ರಿಯಾಯಿತಿ ಸಲ್ಲದು.

ಇಷ್ಟೇ ಅಲ್ಲದೆ, ಈ ನಾಡಿನಲ್ಲಿ ಹಂದಿಯ ಬೇಟೆಗೆ ನಿಜವಾದ ಲೈಸೆನ್ಸು ಕೊಡುತ್ತಿದ್ದ ಕಾಲವೊಂದಿದ್ದಿತೆಂಬುದನ್ನು ಇಂದಿನವರು ಮರೆತಿದ್ದಾರೆ. ಮೈಸೂರು ಸಂಸ್ಥಾನವು 1901ರಲ್ಲಿಯೇ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗಾಗಿ ಒಂದು ರೆಗ್ಯುಲೇಷನ್ನನ್ನು ಮಾಡಿದ್ದಿತು. 1972ರ ಶಾಸನವೂ ತನ್ನ ಮೂಲರೂಪದಲ್ಲಿ ಬೇಟೆಯನ್ನು ಪೂರ್ತಿ ನಿಲ್ಲಿಸಿರಲಿಲ್ಲ. ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ, ಬಲೆಯೊಡ್ಡುವಿಕೆ ಎಂದು ಬಗೆಬಗೆಯ ಲೈಸೆನ್ಸುಗಳನ್ನು ಇಟ್ಟುಕೊಂಡಿದ್ದಿತು. 1991ರ ತಿದ್ದುಪಡಿಯು ಅವನ್ನೆಲ್ಲ ತೆಗೆದುಹಾಕಿತು. ಅನಂತರ ಕಾಡುಹಂದಿಯು ಬಹುಕಾಲ ಮೂರನೆಯ ಅನುಸೂಚಿಯಲ್ಲಿದ್ದು, 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಎರಡನೆಯ ಅನುಸೂಚಿಗೆ ಸೇರಿತು. ಕ್ರೀಡೆಗಾಗಿ ಕೊಲ್ಲುವ ಲೈಸೆನ್ಸು ಹೋದುದು ಒಳ್ಳೆಯದೇ ಆಯಿತು. ಅದಕ್ಕಾಗಿ ನಾನು ಒಂದು ಹನಿ ಕಣ್ಣೀರನ್ನೂ ಸುರಿಸುವವನಲ್ಲ. ಆದರೆ ಷೋಕಿಯ ಶಿಕಾರಿಯವನ ಲೈಸೆನ್ಸನ್ನು ಕಿತ್ತುಕೊಂಡ ರಭಸದಲ್ಲಿ, ರೈತನ ಕೈಗೆ ಬರಬೇಕಾದ ಅನುಮತಿಪತ್ರದ ದಾರಿಯನ್ನು ಸುಗಮವಾಗಿ ಉಳಿಸಿಕೊಳ್ಳುವ ಜಾಗರೂಕತೆ ಯಾರಿಗೂ ಇರಲಿಲ್ಲವೆಂಬುದೂ ಅಷ್ಟೇ ನಿಜ.

ಆಯುಧದ ಅನುಮತಿಯೂ ಬೇಟೆಯ ಅನುಮತಿಯೂ ಬೇರೆಬೇರೆ ಎಂಬುದಕ್ಕೆ ನಮ್ಮ ರಾಜ್ಯದ ಇನ್ನೊಂದು ಅಂಚಿನಲ್ಲಿ ಸೊಗಸಾದ ನಿದರ್ಶನವಿದೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿಯುಂಟು; 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ನನು ಕೊಟ್ಟ ಆ ಮರ್ಯಾದೆಯನ್ನು ಕೇಂದ್ರ ಸರಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು; 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೂ ಆ ಕೊಡವನು ತನ್ನ ಕಾಫಿ ತೋಟದಲ್ಲಿ ಹಂದಿಯ ಮೇಲೆ ಗುಂಡು ಹಾರಿಸಿದರೆ, ಮುಳಬಾಗಿಲಿನ ರೈತನು ಹಾರಿಸಿದಷ್ಟೇ ಅಪರಾಧಿ.

ಹೊರದೇಶದ ಸುದ್ದಿಯನ್ನೋದುವವರು ಇಲ್ಲಿ ತಡೆದು, ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 2019ರ ಸೆಪ್ಟೆಂಬರಿನಿಂದ, ಭೂಮಾಲೀಕನ ಸಮ್ಮತಿಯೊಂದಿದ್ದರೆ ಖಾಸಗಿ ಜಮೀನಿನಲ್ಲಿ ಹಂದಿಯನ್ನು ಹೊಡೆಯಲು ಬೇಟೆಯ ಲೈಸೆನ್ಸೇ ಬೇಡವೆಂದಾಗಿದೆಯಲ್ಲ, ಆ ಸೌಕರ್ಯವು ನಮಗೇಕಿಲ್ಲ ಎಂದು ಕೇಳುವುದುಂಟು. ಅಲ್ಲಿಯ ಹಂದಿ ಬೇರೆ, ಇಲ್ಲಿಯ ಹಂದಿ ಬೇರೆ. ಅಮೆರಿಕದ ನೆಲಕ್ಕೆ ಹಂದಿಯು ಅತಿಥಿಯಾಗಿ ಬಂದುದು. 1539ರಲ್ಲಿ ಸ್ಪೇನಿನ ಹೆರ್ನಾಂಡೊ ಡಿ ಸೋಟೋ ಎಂಬ ದಂಡನಾಯಕನು ಫ್ಲಾರಿಡಾದಲ್ಲಿ ಇಳಿದಾಗ ತನ್ನ ಸೈನ್ಯದ ಆಹಾರಕ್ಕೆಂದು ಹೊಡೆದುಕೊಂಡು ಬಂದ ಮಂದೆಯೂ, ಅದರ ಹಿಂದೆ ಬಂದ ಇತರ ಸಾಕುಹಂದಿಗಳೂ, ತಪ್ಪಿಸಿಕೊಂಡು ಕಾಡುಪಾಲಾಗಿ ಬೆಳೆದ ಸಂತತಿ ಅದು. ನಮ್ಮ ಗುಡ್ಡಗಳಲ್ಲಿರುವುದು ಹಾಗೆ ಊರು ಬಿಟ್ಟು ಓಡಿದ ಹಂದಿಯಲ್ಲ. ಊರು ಹುಟ್ಟುವುದಕ್ಕೆ ಮುಂಚೆಯೇ ಇಲ್ಲಿದ್ದ ಹಂದಿ. ಅದು ಚಿರತೆಯ ಆಹಾರ. ಅಂತರಗಂಗೆಯ ಬೆಟ್ಟಸಾಲಿನ ಚಿರತೆಗೆ ಹಂದಿಮರಿಯು ಸಿಕ್ಕದೆ ಹೋದರೆ ಅದು ಇಳಿದು ಬರುವುದು ಯಾರ ಆಡಿನ ರೊಪ್ಪಕ್ಕೆಂಬುದನ್ನು ಬೆಟ್ಟದಡಿಯ ಹಳ್ಳಿಯವರು ಬಲ್ಲರು.

ಹಂದಿಗೂ ಈ ಸೀಮೆಗೂ ಇರುವ ನಂಟು ಸಾಮಾನ್ಯವಾದುದಲ್ಲ. ತಮ್ಮನ್ನು ಕುವಳಾಲಪುರದ, ಎಂದರೆ ಈ ಕೋಲಾರದ, ಒಡೆಯರೆಂದು ಬಿರುದಿನಲ್ಲಿ ಹೇಳಿಕೊಂಡ ಗಂಗರ ವಂಶದ ಎರಡನೆಯ ಬೂತುಗನು, ತಕ್ಕೋಲದ ಕಾಳಗದಲ್ಲಿ ಪರಾಕ್ರಮವನ್ನು ಮೆರೆದ ತನ್ನ ಸೇವಕನಾದ ಮಣಲೇರನಿಗೆ ಬೇಡಿದ್ದನ್ನು ಕೊಡುವೆನೆಂದಾಗ, ಆ ವೀರನು ಊರನ್ನೂ ಕೇಳದೆ ಹೊನ್ನನ್ನೂ ಕೇಳದೆ ಒಡೆಯನ ಪ್ರೀತಿಯ ಬೇಟೆನಾಯಿಯಾದ ಕಾಳಿಯನ್ನು ಕೇಳಿದನು. ಆ ಕಾಳಿಯು ಒಂದು ದಿನ ಮಹಾವರಾಹವೊಂದರ ಮೇಲೆ ಬಿದ್ದು, ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಮಣಲೇರನು ಆ ನಾಯಿಗಾಗಿ ಕಲ್ಲು ನೆಡಿಸಿ, ದತ್ತಿ ಬಿಟ್ಟನು. ಕ್ರಿ.ಶ. 949-50ರ ಆ ಆತಕೂರು ಶಾಸನವು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಎದುರುಬದುರಾಗಿ ನಿಂತ ಶಿಲ್ಪವನ್ನು ಈಗಲೂ ಹೋಗಿ ನೋಡಬಹುದು. ಆ ಕಲ್ಲನ್ನು ಕಡೆದ ಶಿಲ್ಪಿಯು ಹಂದಿಯನ್ನು ಸಣ್ಣದಾಗಿ ಮಾಡಲಿಲ್ಲವೆಂಬುದನ್ನು ನಾನು ಯಾವಾಗಲೂ ಗಮನಿಸಿದ್ದೇನೆ. ಎದುರಾಳಿಗೆ ಸಲ್ಲಬೇಕಾದ ಗೌರವವನ್ನು ಅವನು ಕೊಟ್ಟಿದ್ದಾನೆ. ರಾತ್ರಿ ಹೊತ್ತು ಹಲಸಿನ ತೊಳೆಯೊಳಗೆ ಸಿಡಿಮದ್ದನ್ನಿಟ್ಟು ಬದುವಿನ ಮೇಲೆ ಬಿಟ್ಟುಬರುವವನಿಗೆ ಆ ಗೌರವದ ಕಲ್ಪನೆಯೂ ಇಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರವೆಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹಂದಿಯು ಈಚೆಗೆ ಇಷ್ಟು ಧೈರ್ಯವಾಗಿ ಇಳಿಯುತ್ತಿರುವುದೇಕೆಂಬುದನ್ನು ಯೋಚಿಸುವಾಗ, ಹಂದಿಯನ್ನು ಮಾತ್ರ ಬೈದು ಸುಮ್ಮನಾಗುವುದಕ್ಕಾಗುವುದಿಲ್ಲ. ನದಿಯೊಂದು ತುಂಬಿ ಹರಿಯದ ಈ ಸೀಮೆಯಲ್ಲಿ ಕಾಡೆಂಬುದು ಒಂದೇ ಹಾಸಾಗಿರದೆ ಗುಡ್ಡಕ್ಕೊಂದು ತುಣುಕಾಗಿ ಚದರಿದೆ. ತುಣುಕು ತುಣುಕಿನ ನಡುವೆ ಹೊಲ, ಹೊಲದ ನಡುವೆ ಕೆರೆ. 1980ರ ದಶಕದ ಸಾಮಾಜಿಕ ಅರಣ್ಯದ ಉತ್ಸಾಹದಲ್ಲಿ ರಾಗಿಯ ಹೊಲಗಳೇ ನೀಲಗಿರಿಯ ತೋಪುಗಳಾದವು. 2017ರಲ್ಲಿ ಸರಕಾರವು ಅದನ್ನು ನೆಡಬಾರದೆಂದಿತಾದರೂ ಹಳೆಯ ತೋಪುಗಳು ಕತ್ತರಿಸಿದಷ್ಟೂ ಚಿಗುರುತ್ತ ನಿಂತಿವೆ. ಹೂಳು ತುಂಬಿದ ಕೆರೆಗಳ ಅಂಗಳದಲ್ಲಿ ಬಳ್ಳಾರಿ ಜಾಲಿಯು, ಮನುಷ್ಯನು ಹೊಕ್ಕರೆ ಅಂಗಿಯು ಉಳಿಯದಂತೆ, ಬೆಳೆಯಿತು. ಗುಡ್ಡದಲ್ಲಿ ಲಂಟಾನವು ಹಬ್ಬಿ, ಕೆದಕಿ ತಿನ್ನಲಿದ್ದ ಗೆಡ್ಡೆಗೆಣಸನ್ನು ಮುಚ್ಚಿತು. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಬಂದುದರಿಂದ ಅಂತರ್ಜಲಕ್ಕೆ ಒದಗಿದ ಉಪಕಾರವನ್ನು ಕೊಳವೆಬಾವಿಯ ರೈತನು ಮರೆಯುವಂತಿಲ್ಲ. ಆದರೆ ಬೇಸಗೆಯಲ್ಲೂ ಕೆಸರು, ಕೆಸರಿನ ಪಕ್ಕದಲ್ಲಿ ಜಾಲಿಯ ಮರೆ, ಮರೆಯಿಂದ ಕೂಗಳತೆಯಲ್ಲಿ ಮಾಲೂರಿನ ಆಲೂಗಡ್ಡೆ, ಶ್ರೀನಿವಾಸಪುರದ ಮಾವಿನ ತೋಪಿನಡಿಯ ಉದುರುಹಣ್ಣು, ಮುಳಬಾಗಿಲಿನ ಕಡಲೆಕಾಯಿ, ಇಷ್ಟೂ ಒಟ್ಟಿಗೆ ಒದಗಿದ ಮೇಲೆ ಹಂದಿಯು ಬಡವಾಗಿರಬೇಕೆಂದು ಬಯಸುವುದು ನಮ್ಮ ದುರಾಸೆ. ಇದು ನನ್ನ ಊಹೆಯೇ ಹೊರತು ಪಂಡಿತರ ನಿರ್ಣಯವಲ್ಲ. ಪಂಡಿತರೂ ಒಪ್ಪುವ ಮಾತೆಂದರೆ, ಹಂದಿಯ ಗರ್ಭವು ನಾಲ್ಕು ತಿಂಗಳೊಳಗೇ ತೀರುವುದೆಂಬುದೂ ಒಂದೊಂದು ಸೂಲಿಗೆ ನಾಲ್ಕಾರು ಮರಿಗಳಾಗುವುದೆಂಬುದೂ. ಕಡತಗಳು ಅಷ್ಟು ಬೇಗ ಈಯುವುದಿಲ್ಲ.

ಕಡತದ ಮಾತು ಬಂದುದರಿಂದ ಹೇಳುತ್ತೇನೆ. ಪರವಾನಗಿಯೆಂಬುದು ಎರಡು ಕೆಲಸವನ್ನು ಮಾಡತಕ್ಕುದು: ಅನರ್ಹನನ್ನು ತಡೆಯಬೇಕು, ಅರ್ಹನನ್ನು ಬಿಡಬೇಕು. ತಡೆಯುವುದನ್ನು ಮಾತ್ರ ಮಾಡಿ ಬಿಡುವುದನ್ನು ಮರೆತ ಪರವಾನಗಿಯು ಪರವಾನಗಿಯಲ್ಲ, ಹೆಸರು ಬದಲಿಸಿದ ನಿಷೇಧ. ಅಂತಹ ನಿಷೇಧದಿಂದ ಹಂದಿಗಾದರೂ ಹಿತವಾಯಿತೇ ಎಂದರೆ ಅದೂ ಇಲ್ಲ. ಬೆಳಕಿನಲ್ಲಿ ಕೇಳಿದವನಿಗೆ ಸಿಕ್ಕದ ಅನುಮತಿಯನ್ನು ಕತ್ತಲೆಯಲ್ಲಿ ಯಾರೂ ಕೇಳುವುದಿಲ್ಲ. ಮೋಟಾರು ಸೈಕಲ್ಲಿನ ಬ್ರೇಕಿನ ತಂತಿಯಿಂದ ಮಾಡಿದ ಉರುಳು ಬೇಲಿಯ ಕಂಡಿಯಲ್ಲಿ ಕಾಯುತ್ತದೆ. ಅದಕ್ಕೆ ಹಂದಿಯಾದರೇನು, ಚಿರತೆಯಾದರೇನು, ಮೇಯಲು ಬಿಟ್ಟ ಕರುವಾದರೇನು? ಸಿಡಿಮದ್ದಿನ ಉಂಡೆಯನ್ನು ಕಚ್ಚಿದ ಹಸುವು ದವಡೆ ಒಡೆದುಕೊಂಡು ದಿನಗಟ್ಟಲೆ ನರಳಿ ಸಾಯುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗರ್ಭಿಣಿಯಾದ ಆನೆಯೊಂದು ಇಂತಹ ಮದ್ದಿನಿಂದಲೇ ಬಾಯಿ ಸಿಡಿದು, ನೀರಿನಲ್ಲಿ ಮುಖವಿಟ್ಟು ನಿಂತೇ ಪ್ರಾಣ ಬಿಟ್ಟುದನ್ನು ದೇಶವೆಲ್ಲ ನೋಡಿತು. ಮೂರನೆಯದು ಪಂಪ್‌ಸೆಟ್ಟಿನ ಕರೆಂಟನ್ನು ನೇರವಾಗಿ ಬೇಲಿಯ ತಂತಿಗೆ ಕೊಡುವ ಹುಚ್ಚುಸಾಹಸ. ರಾತ್ರಿ ನೀರು ಕಟ್ಟಲು ಹೊರಟ ನೆರೆಹೊಲದ ಹುಡುಗನ ಕಾಲಿಗೂ ಹಂದಿಯ ಕಾಲಿಗೂ ಆ ತಂತಿಯು ಭೇದವೆಣಿಸುವುದಿಲ್ಲ. ಈ ಮೂರನ್ನೂ ಮಾಡುವವರಿಗೆ ಯಾವ ಕಚೇರಿಯ ಮೊಹರೂ ಬೇಕಾಗಿಲ್ಲ. ಕೋವಿಗೆ ಲೈಸೆನ್ಸು ಪಡೆದು, ಕಾಲಕಾಲಕ್ಕೆ ಶುಲ್ಕ ಕಟ್ಟಿ, ಚುನಾವಣೆ ಬಂದಾಗಲೆಲ್ಲ ತುಪಾಕಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಗೊಪ್ಪಿಸಿ ರಸೀತಿ ಪಡೆದು ಬರುವ ನಮ್ಮ ಮಾವನವರಂತಹವರು ಮಾತ್ರ, ಕಾನೂನನ್ನು ಮನ್ನಿಸುವ ತಪ್ಪಿಗಾಗಿ ನಿರಾಯುಧರಾಗಿ ನಿಂತಿದ್ದಾರೆ.

ಹಾಗಾದರೆ ಹಂದಿಯನ್ನು ಪೀಡಕಪ್ರಾಣಿಯೆಂದು ಸಾರಿ, ಯಾರು ಬೇಕಾದರೂ ಹೊಡೆಯಲೆಂದು ಬಿಟ್ಟುಬಿಡಬಹುದಲ್ಲ ಎನ್ನುವ ಪಕ್ಷವೊಂದಿದೆ. ಶಾಸನದ 62ನೆಯ ಪ್ರಕರಣದಲ್ಲಿ ಕೇಂದ್ರ ಸರಕಾರಕ್ಕೆ ಆ ಅಧಿಕಾರವಿದೆ. ಒಂದು ಪ್ರದೇಶಕ್ಕೂ ಒಂದು ಅವಧಿಗೂ ಸೀಮಿತವಾಗಿ ಹಾಗೆ ಸಾರಬಹುದು. 2015ರ ಡಿಸೆಂಬರಿನಲ್ಲಿ ಬಿಹಾರಕ್ಕೂ 2016ರ ಫೆಬ್ರವರಿಯಲ್ಲಿ ಉತ್ತರಾಖಂಡಕ್ಕೂ ಕಾಡುಹಂದಿಯ ವಿಷಯದಲ್ಲಿ ಒಂದೊಂದು ವರ್ಷದ ಮಟ್ಟಿಗೆ ಹಾಗೆ ಸಾರಿಯೂ ಆಯಿತು. ನಾನು ಆ ಪಕ್ಷದವನಲ್ಲ. ಪೀಡಕವೆಂದು ಸಾರಿದೊಡನೆ ಆ ಪ್ರಾಣಿಯು ಶಾಸನದ ನೆರಳಿನಿಂದ ಹೊರಬೀಳುತ್ತದೆ. ಹೊಡೆದವನು ಯಾರು, ಎಷ್ಟು ಹೊಡೆದನು, ಹೊಲದಲ್ಲಿ ಹೊಡೆದನೋ ಗುಡ್ಡದೊಳಕ್ಕೆ ಅಟ್ಟಿಸಿಕೊಂಡು ಹೋಗಿ ಹೊಡೆದನೋ, ಕೇಳುವವರಿಲ್ಲ. ಕೋಲಾರವು ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು ಮಾತ್ರ. ಶನಿವಾರದ ಸಂಜೆ ಜೀಪಿನಲ್ಲಿ ಕೋವಿಯನ್ನೂ ಐಸ್‌ಪೆಟ್ಟಿಗೆಯನ್ನೂ ಹಾಕಿಕೊಂಡು ಬರುವ ಗೆಳೆಯರ ಬಳಗವನ್ನು ನಮ್ಮ ಹೊಲಗಳು ತಾಳಲಾರವು. ಟೊಮೇಟೊ ತೋಟದ ಗುಡಿಸಲಿನಲ್ಲಿ ಆಳುಮಕ್ಕಳು ಮಲಗಿರುತ್ತಾರೆ. ರೇಷ್ಮೆಯವರು ಬೆಳಗಿನ ಜಾವಕ್ಕೇ ಸೊಪ್ಪಿಗೆ ಹೋಗುತ್ತಾರೆ. ಮೂರು ಹಂತದ ಕರೆಂಟು ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೇ ಎದ್ದು ಹೋಗುವ ರೈತನಿದ್ದಾನೆ. ಕತ್ತಲೆಯಲ್ಲಿ ಅಲುಗಾಡಿದುದೆಲ್ಲ ಹಂದಿಯಾಗಿರುವುದಿಲ್ಲ.

ಮಧ್ಯಮಮಾರ್ಗವು ಇದೆ, ನೆರೆಯವರು ನಡೆದು ತೋರಿಸಿದ್ದಾರೆ. ಕೇರಳ ಸರಕಾರವು 2022ರ ಮೇ ತಿಂಗಳಲ್ಲಿ, ಕೇಂದ್ರದ ಘೋಷಣೆಗಾಗಿ ಕಾದು ಬೇಸತ್ತು, ಇದೇ 11ನೆಯ ಪ್ರಕರಣದ ಕಿಂಡಿಯನ್ನೇ ಬಾಗಿಲಾಗಿ ಮಾಡಿಕೊಂಡಿತು: ಗ್ರಾಮ ಪಂಚಾಯತಿಯ ಅಧ್ಯಕ್ಷರೇ ಮೊದಲಾದ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಗೌರವ ವನ್ಯಜೀವಿ ಪರಿಪಾಲಕರ ಸ್ಥಾನವನ್ನಿತ್ತು, ತಮ್ಮ ಊರಿನಲ್ಲಿ ಪೀಡಿಸುವ ಹಂದಿಯನ್ನು ಲೈಸೆನ್ಸುಳ್ಳ ಕೋವಿಯವನಿಂದ ಹೊಡೆಯಿಸಲು ಆಜ್ಞೆ ಮಾಡುವ ಅಧಿಕಾರವನ್ನು ಕೊಟ್ಟಿತು. ವಿಷ, ಸಿಡಿಮದ್ದು, ವಿದ್ಯುತ್ತು ಕೂಡದೆಂದು ನಿಯಮಿಸಿತು. ತಮಿಳುನಾಡು 2025ರ ಜನವರಿಯಲ್ಲಿ ಬೇರೆ ದಾರಿಯನ್ನು ಹಿಡಿಯಿತು: ಕಾಡಿನಂಚಿನಿಂದ 1 ಕಿಲೋಮೀಟರಿನೊಳಗೆ ಹಂದಿಗೆ ಗುಂಡಿಲ್ಲ, 1ರಿಂದ 3 ಕಿಲೋಮೀಟರಿನೊಳಗೆ ಹಿಡಿದು ಕಾಡಿಗೆ ಬಿಡಬೇಕು, 3 ಕಿಲೋಮೀಟರಿನಾಚೆ ಅರಣ್ಯ ಇಲಾಖೆಯ ಸಿಬ್ಬಂದಿಯೇ ಹೊಡೆಯಬೇಕು. ಮಾಲೂರಿನ ಪಕ್ಕದ ಕೃಷ್ಣಗಿರಿ ಜಿಲ್ಲೆಗೂ ಅದೇ ನಿಯಮ. ಗಡಿಯ ಕಲ್ಲನ್ನು ಓದಲು ಬಾರದ ಹಂದಿಯು ರಾತ್ರಿ ಹೊಸೂರಿನ ಕಡೆ ಒಂದು ಕಾನೂನಿಗೂ ಮುಂಜಾನೆ ಮಾಸ್ತಿಯ ಕಡೆ ಇನ್ನೊಂದು ಕಾನೂನಿಗೂ ಒಳಪಟ್ಟಿರುತ್ತದೆ.

ತಮಿಳುನಾಡಿನ ಅಳತೆಗೋಲು ನಮಗೆ ಒಗ್ಗುವಂತೆ ನನಗೆ ತೋರುವುದಿಲ್ಲ. ಗುಡ್ಡಕ್ಕೊಂದು ಮೀಸಲು ಅರಣ್ಯದ ತುಣುಕಿರುವ ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ, ಯಾವ ತುಣುಕಿನಿಂದಲೂ 3 ಕಿಲೋಮೀಟರು ದೂರವಿರುವ ಹೊಲವನ್ನು ಹುಡುಕುವುದೇ ಕಷ್ಟ. ಹಂದಿಯ ಕಾಟವಾದರೋ ಗುಡ್ಡದ ಅಂಚಿನಲ್ಲಿಯೇ ಹೆಚ್ಚು. ಅಲ್ಲದೆ ಶ್ರೀನಿವಾಸಪುರದಲ್ಲಿ ಕಾಡಿನ ಗಡಿ ಯಾವುದು, ತೋಟದ ಗಡಿ ಯಾವುದೆಂಬ ಪ್ರಶ್ನೆಯೇ 2023ರಲ್ಲಿ ಅರಣ್ಯ ಇಲಾಖೆಯು ಒತ್ತುವರಿಯೆಂದು ಮಾವಿನ ಮರಗಳನ್ನು ತೆರವುಗೊಳಿಸಿದಂದಿನಿಂದ ಬೂದಿ ಮುಚ್ಚಿದ ಕೆಂಡದಂತಿದೆ. ಅಲ್ಲಿ ಅಳತೆಯ ಪಟ್ಟಿಯನ್ನು ಹಿಡಿದುಕೊಂಡು ಹೋಗುವವರು ಹಂದಿಯ ಕೆಲಸಕ್ಕೆಂದು ಬಂದೆವೆಂದರೂ ಜನರು ನಂಬರು. ಕೇರಳದ ಮಾರ್ಗದಲ್ಲಿ ಆಜ್ಞೆಯು ಹೊಲದ ಹತ್ತಿರಕ್ಕೆ ಬಂದಿತೆಂಬ ಗುಣವಿದೆ; ಆದರೆ ಪಂಚಾಯತಿಯ ರಾಜಕೀಯವನ್ನು ಬಲ್ಲವನು, ಯಾರ ಹೊಲದ ಹಂದಿಗೆ ಗುಂಡು, ಯಾರ ಹೊಲದ ಹಂದಿಗೆ ಅಭಯ ಎಂಬುದು ಹಿಂದಿನ ಚುನಾವಣೆಯ ಮತಪೆಟ್ಟಿಗೆಯಿಂದ ನಿರ್ಣಯವಾದೀತೆಂದು ಅಂಜದಿರಲಾರನು.

ನನಗೆ ಯುಕ್ತವಾಗಿ ಕಾಣುವುದು ಇದಕ್ಕಿಂತ ಸರಳವಾದುದು. ಅದಕ್ಕೆ ಹೊಸ ಶಾಸನವೂ ಬೇಕಿಲ್ಲ. ಮುಖ್ಯ ವನ್ಯಜೀವಿ ಪರಿಪಾಲಕರು ಕೂರುವುದು ಬೆಂಗಳೂರು ಮಲ್ಲೇಶ್ವರದ ಅರಣ್ಯ ಭವನದಲ್ಲಿ. ಆದರೆ ಅದೇ ಶಾಸನದ 5ನೆಯ ಪ್ರಕರಣವು, ಮೊದಲನೆಯ ಅನುಸೂಚಿಯ ಮೃಗಗಳ ಬೇಟೆಯ ಅನುಮತಿಯೊಂದನ್ನು ಬಿಟ್ಟು, ಉಳಿದ ಅಧಿಕಾರಗಳನ್ನು ರಾಜ್ಯ ಸರಕಾರದ ಪೂರ್ವಾನುಮತಿಯಿಂದ ಕೆಳಗಿನ ಅಧಿಕಾರಿಗಳಿಗೆ ಲಿಖಿತವಾಗಿ ವಹಿಸಿಕೊಡಲು ಅವರಿಗೆ ಅವಕಾಶ ಕೊಟ್ಟಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಅರಣ್ಯ ಇಲಾಖೆಯ ವಲಯ ಕಚೇರಿಗಳಿವೆ. ಹೊಲವನ್ನು ನೋಡಿ, ಹೆಜ್ಜೆಯನ್ನು ಅಳೆದು, ಹೌದು ಅಲ್ಲವೆನ್ನಬಲ್ಲ ವಲಯಾಧಿಕಾರಿಗೆ ಆ ಅಧಿಕಾರವಿರಲಿ. ಅರ್ಜಿ ಬಂದ ಮೂರು ದಿನಗಳೊಳಗೆ ಅವರು ಹೊಲಕ್ಕೆ ಹೋಗಿ, ಅನುಮತಿಯನ್ನು ಕೊಡಲಿ ಅಥವಾ ಕೊಡೆನೆಂದು ಕಾರಣಸಹಿತ ಬರೆಯಲಿ. ಉತ್ತರ ಬರದಿರುವುದೊಂದು ಮಾತ್ರ ಕೂಡದು. ಅನುಮತಿಯು ಸರ್ವೆ ನಂಬರಿಗೆ ಕಟ್ಟುಬಿದ್ದಿರಲಿ, ಬೆಳೆ ಕೊಯ್ಲಾದ ದಿನ ತಾನಾಗಿ ಸಾಯಲಿ, ಎಷ್ಟು ಪ್ರಾಣಿಗಳೆಂಬ ಮಿತಿಯನ್ನು ಹೊತ್ತಿರಲಿ. ಮರಿಗಳೊಡನಿರುವ ಹೆಣ್ಣಿನ ಮೇಲೆ ಕೋವಿಯನ್ನು ಎತ್ತಕೂಡದೆಂಬ ಒಂದು ಸಾಲನ್ನೂ ನಾನು ಸೇರಿಸುತ್ತಿದ್ದೆ. ಮಾವನವರು ಇದನ್ನು ಕೇಳಿ ನಕ್ಕರು, ಹೊಲಕ್ಕೆ ಬರುವುದೇ ಮರಿಯುಳ್ಳ ಹೆಣ್ಣುಗಳಂತೆ, ಗಂಡುಗಳು ಒಂಟಿಯಾಗಿ ಅಲೆಯುತ್ತವಂತೆ. ಅವರ ಮಾತು ನಿಜವಿರಬಹುದು. ಸಾಲನ್ನು ನಾನು ತೆಗೆದುಹಾಕಿಲ್ಲ.

ಹೊಡೆಯುವವನ ಪ್ರಶ್ನೆ ಇನ್ನೊಂದು. ಅಟ್ಟದ ಮೇಲಣ ತುಪಾಕಿಯುಳ್ಳವರೆಲ್ಲ ಗುರಿಕಾರರಲ್ಲ. ಬಾಯಿಗೆ ಮದ್ದು ತುಂಬುವ ಕೋವಿಯಿಂದ ಅರೆಗಾಯವಾದ ಹಂದಿಯು ಪೊದೆಯೊಳಗೆ ಕುಳಿತು ಮಾರನೆಯ ಬೆಳಗ್ಗೆ ಸೌದೆಗೆ ಹೋದ ಹೆಂಗಸಿನ ಮೇಲೆ ಬೀಳುವುದು ಕತೆಯಲ್ಲ. ಆದುದರಿಂದ ತಾಲ್ಲೂಕಿಗೆ ಐದಾರು ಮಂದಿ ಲೈಸೆನ್ಸುದಾರರನ್ನು ಪರೀಕ್ಷಿಸಿ ಪಟ್ಟಿ ಮಾಡಿ, ತಕ್ಕ ಕೋವಿಯನ್ನು ಅನುಮತಿಸಿ, ಅವರನ್ನೇ ಕರೆಯತಕ್ಕುದು. ಆಯುಧ ಅಧಿನಿಯಮದ ಆ ಹಳೆಯ ಪರಂತುಕವು, ಬಾಯಿಮದ್ದಿನ ಕೋವಿ ಸಾಲದೆಂದು ಕಂಡಲ್ಲಿ ಬೇರೆ ಕೋವಿ ಎಂಬುದು, ಇಂತಹ ಸಂದರ್ಭಕ್ಕೆಂದೇ ಕಾದು ಕುಳಿತಂತಿದೆ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿಯೂ ಮೂರು ವರ್ಷದಿಂದ ಐದಕ್ಕೇರಿದೆ.

ಮಾಂಸದ ಮಾತನ್ನು ಸಭ್ಯ ಪತ್ರಿಕೆಗಳಲ್ಲಿ ಯಾರೂ ಎತ್ತುವುದಿಲ್ಲ; ಹಳ್ಳಿಯಲ್ಲಿ ಮೊದಲು ಎದ್ದುಬರುವುದೇ ಅದು. ಶಾಸನದಂತೆ ಹೀಗೆ ಕೊಂದ ಪ್ರಾಣಿಯು ಸರಕಾರದ ಸ್ವತ್ತು; ತಿನ್ನುವಂತಿಲ್ಲ, ಹೂಳುವುದೇ ದಾರಿ. ಇಷ್ಟು ಮಣ ಮಾಂಸವನ್ನು ಮಣ್ಣುಪಾಲು ಮಾಡುವುದು ಪಾಪವಲ್ಲವೇ ಎಂದು ಜನರು ಕೇಳುತ್ತಾರೆ, ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೂ ಈ ಒಂದು ವಿಷಯದಲ್ಲಿ ನಾನು ಶಾಸನದ ಪಕ್ಷ. ಹಂದಿಯನ್ನು ತಿನ್ನಬಹುದೆಂದಾದ ದಿನ ಅದನ್ನು ಕೊಲ್ಲುವ ಕಾರಣವು ಬೆಳೆಯಿಂದ ಬಾಯಿಗೆ ಸರಿಯುತ್ತದೆ. ಬೆಳೆಯಿಲ್ಲದ ಹೊಲಕ್ಕೂ ಅರ್ಜಿಗಳು ಬರತೊಡಗುತ್ತವೆ. ಸುಣ್ಣ ಸುರಿದು, ಪಂಚರ ಮುಂದೆ, ಆಳವಾಗಿ ಹೂಳಲಿ.

ಬೆಳೆನಷ್ಟದ ಪರಿಹಾರವಿದೆಯಲ್ಲ, ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬಹುದಲ್ಲ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಪರಿಹಾರವು ಬರಲಿ, ಬೇಗ ಬರಲಿ. ಆದರೆ ಬಿತ್ತಿದವನು ಬಯಸುವುದು ಕಾಯಿಯನ್ನು, ಪಹಣಿಯನ್ನೂ ಫೋಟೋವನ್ನೂ ಲಗತ್ತಿಸಿ ಪಡೆಯುವ ಅದರ ಬೆಲೆಯ ಒಂದು ಅಂಶವನ್ನಲ್ಲ.

ಮಾವನವರು ಆ ಬೆಳಗ್ಗೆಯ ಮರುದಿನವೇ ಅರ್ಜಿಯನ್ನು ಬರೆಯಿಸಿಕೊಂಡು ಹೋದರು. ಯಾವ ಊರಿನ ಯಾವ ಕಚೇರಿಯೆಂಬುದು ಇಲ್ಲಿ ಅಪ್ರಸ್ತುತ. ಅಲ್ಲಿದ್ದವರು ಕೆಟ್ಟವರೂ ಅಲ್ಲ, ಕೂರಿಸಿ ಮಾತಾಡಿಸಿದರಂತೆ. ಅರ್ಜಿಯು ಮೇಲಕ್ಕೆ ಹೋಗಬೇಕೆಂದರು. ಮೇಲಕ್ಕೆ ಹೋಯಿತು. ರಾತ್ರಿಯ ಹೊತ್ತು ಮಾವನವರೂ ಅವರ ಮಗನೂ ಅಟ್ಟಣೆಯ ಮೇಲೆ ಸರದಿಯಂತೆ ಕುಳಿತು ತಗಡು ಬಡಿದರು. ಹಂದಿಗಳು ತಗಡು ಬಡಿಯದ ಮೂಲೆಯಿಂದ ಬಂದವು. ಉಳಿದ ಕಾಯಿಯನ್ನು ಬಲಿಯುವ ಮುಂಚೆಯೇ ಕಿತ್ತು, ಅರ್ಧ ಬೆಲೆಗೆ ಹಸಿಗಾಯಿಯಾಗಿ ಸಂತೆಗೆ ಹಾಕಿ, ನೆಲವನ್ನೊಮ್ಮೆ ಉತ್ತು ಹುರುಳಿಯನ್ನು ಚೆಲ್ಲಿದರು. ಕಾರ್ತಿಕದ ಎರಡನೆಯ ವಾರದಲ್ಲಿ ಒಂದು ಉತ್ತರ ಬಂದಿತು: ಅರ್ಜಿಯಲ್ಲಿ ಬೆಳೆಯ ಹೆಸರನ್ನು ನಮೂದಿಸಿದೆ, ಆದರೆ ಸರ್ವೆ ನಂಬರಿನ ಹಿಸ್ಸಾ ಕಾಣಿಸಿಲ್ಲ, ಸರಿಪಡಿಸಿ ಮತ್ತೆ ಸಲ್ಲಿಸತಕ್ಕುದು. ಮಾವನವರು ಕನ್ನಡಕವನ್ನು ಹಾಕಿಕೊಂಡು ಅದನ್ನು ಎರಡು ಸಲ ಓದಿ, ಮಡಿಸಿ, ಕೋವಿಯ ಲೈಸೆನ್ಸಿನ ಪುಸ್ತಕದೊಳಗೆ ಇಟ್ಟು, "ಹಿಸ್ಸಾ ಬರೆದುಕೊಡ್ತೀಯೇನಪ್ಪಾ? ಬೆಳೆ ಅಂತ ಇದ್ದ ಕಡೆ ಹುರುಳಿ ಅಂತ ಹಾಕು" ಎಂದರು.